ಶೃಂಗೇರಿಯಲ್ಲಿ ಸಂಸ್ಕೃತ ವ್ಯಾಸಂಗ: ಅರ್ಜಿದಾರರಿಗೆ ಮಾಹಿತಿ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಸಂಸ್ಕೃತದ ಉನ್ನತ ವ್ಯಾಸಂಗವು ಶೃಂಗೇರಿ ಸಮೀಪದ ಮೆಣಸೆಯಲ್ಲಿರುವ ರಾಜೀವ್ ಗಾಂಧಿ ಪರಿಸರದಲ್ಲಿ ಲಭ್ಯವಿರುತ್ತದೆ. 1992ರಲ್ಲಿ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನದ ಅಧೀನದಲ್ಲಿ ಆರಂಭವಾದ ಸದರಿ ಪರಿಸರವು 2020ರಿಂದ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಭಾಗವಾಗಿರುತ್ತದೆ. ಹಳೆಯ ಪ್ರಮಾಣಪತ್ರಗಳಲ್ಲಿ ಸಂಸ್ಥಾನದ ಹೆಸರಿರುವುದನ್ನು ಅರ್ಜಿದಾರರು ಗಮನಿಸತಕ್ಕದ್ದು.

ಎಸ್.ಎಸ್.ಎಲ್.ಸಿ. ನಂತರದ ಪ್ರಾಕ್‌ಶಾಸ್ತ್ರಿ ವ್ಯಾಸಂಗವು ಪಿ.ಯು.ಸಿ. ಮಟ್ಟದ್ದಾಗಿರುತ್ತದೆ. ಶಾಸ್ತ್ರಿ, ಆಚಾರ್ಯ ಹಾಗೂ ಶಿಕ್ಷಾಶಾಸ್ತ್ರಿ ಪದವಿಗಳು ಅನುಕ್ರಮವಾಗಿ ಬಿ.ಎ., ಎಂ.ಎ. ಮತ್ತು ಬಿ.ಎಡ್. ಮಟ್ಟದವು. ಹೆಸರಿನ ವ್ಯತ್ಯಾಸದಿಂದ ಅರ್ಹ ಅಭ್ಯರ್ಥಿಗಳ ಅರ್ಜಿಗಳು ತಿರಸ್ಕೃತವಾಗದಿರಲು, ಉದ್ಯೋಗಕ್ಕಾಗಲಿ ಮುಂದಿನ ವ್ಯಾಸಂಗಕ್ಕಾಗಲಿ ಅರ್ಜಿ ಸಲ್ಲಿಸುವಾಗ ಪದವಿಯ ಹೆಸರನ್ನು ಪ್ರಮಾಣಪತ್ರದಲ್ಲಿರುವಂತೆಯೇ ನಮೂದಿಸಿ, ತತ್ಸಮಾನತೆಯ ದಾಖಲೆಯನ್ನು ಲಗತ್ತಿಸುವುದು ಸೂಕ್ತ. ಪ್ರವೇಶದ ದಿನಾಂಕ, ಅರ್ಹತೆ ಮತ್ತು ಶುಲ್ಕದ ವಿವರಗಳಿಗಾಗಿ ವಿಶ್ವವಿದ್ಯಾಲಯವು ಆಯಾ ವರ್ಷ ಹೊರಡಿಸುವ ಅಧಿಸೂಚನೆಯನ್ನು ಪರಿಶೀಲಿಸುವುದು.