ಮೂರರಲ್ಲಿ ಒಂದು ಪಾಲು

ನನ್ನಲ್ಲಿ ಗಣಿತ ಕಲಿತವರಿಗೆ ನೆನಪಿರಬಹುದು. ಶಂಕುವಿನ ಘನಫಲದ ಪಾಠದ ದಿನ ನಾನು ರಟ್ಟಿನ ಶಂಕುವೊಂದನ್ನೂ, ಅದೇ ಪಾದ ಮತ್ತು ಅದೇ ಎತ್ತರದ ಡಬ್ಬಿಯೊಂದನ್ನೂ ತರಗತಿಗೆ ತರುತ್ತಿದ್ದೆ. ಶಂಕುವಿನಲ್ಲಿ ಮರಳು ತುಂಬಿ ಮೂರು ಬಾರಿ ಸುರಿದರೆ ಡಬ್ಬಿ ತುಂಬುತ್ತಿತ್ತು. ಆಮೇಲೆ ಕರಿಹಲಗೆಯ ಮೇಲೆ ಸೂತ್ರ. ಅಲ್ಲಿಗೆ ಪಾಠ ಮುಗಿಯಿತು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ತ್ರಿಭುಜ ಆಯತದಲ್ಲಿ ಅರ್ಧ ಅಂದ್ರಿ. ಹಾಗಾದ್ರೆ ಇದೂ ಅರ್ಧ ಆಗಬೇಕಲ್ವಾ?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. "ಮರಳು ಸುರಿದು ತೋರಿಸಲಿಲ್ಲವೇನೋ? ಕೂತ್ಕೋ" ಎಂದು ಗದರಿದೆ. ತರಗತಿ ನಕ್ಕಿತು. ಆ ಹುಡುಗ ಮತ್ತೆಂದೂ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ.

ನಿವೃತ್ತಿಯ ಬಳಿಕ, ಬಿಡುವಾಗಿ 'ಆರ್ಯಭಟೀಯ'ವನ್ನು ಓದಲು ಕುಳಿತಾಗ ಗಣಿತಪಾದದ ಆರನೆಯ ಶ್ಲೋಕದಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಶ್ಲೋಕದ ಪೂರ್ವಾರ್ಧದಲ್ಲಿ ತ್ರಿಭುಜದ ವಿಸ್ತೀರ್ಣವಿದೆ, ಅದು ಸರಿಯಾಗಿದೆ. ಉತ್ತರಾರ್ಧದಲ್ಲಿ ಆರು ಅಂಚುಗಳ ಘನಾಕೃತಿ, ಅಂದರೆ ತ್ರಿಭುಜ ಪಾದದ ಪಿರಮಿಡ್. ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಬೇಕೆಂದು ಅಲ್ಲಿ ಹೇಳಿದೆ. ಅರ್ಧ! ಕ್ರಿ.ಶ. 499ರಲ್ಲಿ ಇಪ್ಪತ್ತಮೂರು ವರ್ಷದವನಾಗಿದ್ದ ಆರ್ಯಭಟನೂ ನನ್ನ ಹಿಂದಿನ ಬೆಂಚಿನ ಹುಡುಗನೂ ಒಂದೇ ದಾರಿಯಲ್ಲಿ ಯೋಚಿಸಿದ್ದರು. ಆ ಶ್ಲೋಕಕ್ಕೆ ಬೇರೆ ಅರ್ಥ ಹಚ್ಚಿ ಆರ್ಯಭಟನನ್ನು ಕಾಪಾಡಲು ಹೊರಟ ವಿದ್ವಾಂಸರೂ ಇದ್ದಾರೆ. ನನಗೆ ಅದರ ಅಗತ್ಯ ಕಾಣುವುದಿಲ್ಲ. ಭೂಮಿಯೇ ತಿರುಗುತ್ತದೆ ಎಂದವನ ಕೀರ್ತಿಗೆ ಒಂದು ಅರ್ಧಶ್ಲೋಕದಿಂದ ಕುಂದು ಬಾರದು.

628ರಲ್ಲಿ ಬ್ರಹ್ಮಗುಪ್ತ ಇದನ್ನು ಸರಿಯಾಗಿ ಹೇಳಿದ: ಸಮನಾದ ಗುಂಡಿಯ ಘನಫಲವನ್ನು ಮೂರರಿಂದ ಭಾಗಿಸಿದರೆ ಸೂಜಿಯಂತೆ ಚೂಪಾಗುವ ಗುಂಡಿಯ ಘನಫಲ. 1150ರ 'ಲೀಲಾವತಿ'ಯಲ್ಲಿಯೂ ಇದೇ ನಿಯಮವಿದೆ. ಆದರೆ ಏಕೆ ಮೂರು ಎಂಬುದಕ್ಕೆ ಈ ಸೂತ್ರಗಳಲ್ಲಿ ವಿವರಣೆಯಿಲ್ಲ.

ಅದಕ್ಕೂ ಬಹಳ ಹಿಂದೆ ಈಜಿಪ್ಟಿನವರಿಗೆ ಇದರ ಸುಳಿವು ಸಿಕ್ಕಿತ್ತು. ಮಾಸ್ಕೋದಲ್ಲಿರುವ, ಸುಮಾರು ಕ್ರಿ.ಪೂ. 1850ರ ಪಪೈರಸ್ಸಿನಲ್ಲಿ ತುದಿ ಕತ್ತರಿಸಿದ ಪಿರಮಿಡ್ಡಿನ ಲೆಕ್ಕವೊಂದಿದೆ. ಕೆಳಬದಿ 4, ಮೇಲ್ಬದಿ 2, ಎತ್ತರ 6. 16, 8, 4 ಕೂಡಿಸಿದರೆ 28, ಎತ್ತರದ ಮೂರನೆಯ ಒಂದು ಪಾಲು 2, ಘನಫಲ 56. ಉತ್ತರ ಸರಿ. ಗ್ರೀಸಿನಲ್ಲಿ ಈ ಮೂರನೆಯ ಒಂದು ಪಾಲನ್ನು ಮೊದಲು ಹೇಳಿದವನು ಡೆಮಾಕ್ರಿಟಸ್, ಸಾಧಿಸಿದವನು ಯೂಡಾಕ್ಸಸ್ ಎಂದು ಆರ್ಕಿಮಿಡೀಸ್ ಬರೆದಿದ್ದಾನೆ. ಸಾಧನೆಯಿಲ್ಲದೆ ಹೇಳಿದವನಿಗೂ ಗೌರವದ ಪಾಲು ಸಲ್ಲಬೇಕೆಂದಿದ್ದಾನೆ.

ನನ್ನ ಹುಡುಗನಿಗೆ ಸಲ್ಲಬೇಕಾಗಿದ್ದ ಉತ್ತರ ಚೀನಾದ ಲಿಯು ಹುಯಿಯಲ್ಲಿ ಸಿಕ್ಕಿತು. ಕಾಲ 263. ಒಂದು ಘನವನ್ನು ಒಂದೇ ಅಳತೆಯ ಮೂರು ಪಿರಮಿಡ್ಡುಗಳಾಗಿ ಸೀಳಬಹುದು. ನಾನು ಸುವರ್ಣಗಡ್ಡೆಯನ್ನು ಘನವಾಗಿ ಕೊಯ್ದು ಮಾಡಿ ನೋಡಿದೆ. (ಕೈಯೆಲ್ಲ ತುರಿಸಿತು, ಮನೆಯವಳಿಂದ ಬೈಗುಳವೂ ಆಯಿತು.) ಚೌಕದ ಒಂದು ಮೂಲೆಯನ್ನು ಹಿಡಿಯಿರಿ. ಅದನ್ನು ಮುಟ್ಟದ ಬಾಹುಗಳು ಎರಡು. ಅವುಗಳ ಮೇಲೆ ಎರಡು ತ್ರಿಭುಜಗಳು ನಿಲ್ಲುತ್ತವೆ, ಆದ್ದರಿಂದ ಅರ್ಧ. ಘನದ ಒಂದು ಮೂಲೆಯನ್ನು ಮುಟ್ಟದ ಮುಖಗಳು ಮೂರು. ಅವುಗಳ ಮೇಲೆ ಮೂರು ಪಿರಮಿಡ್ಡುಗಳು. ಇಷ್ಟೇ!

ಉದ್ದ, ಅಗಲ, ಎತ್ತರ ಬೇರೆಬೇರೆಯಾದರೆ ಮಾತ್ರ ತುಂಡುಗಳು ಒಂದರಂತೊಂದು ಇರುವುದಿಲ್ಲ. ಆಗ ಲಿಯು ಹುಯಿ ಮತ್ತೆ ಮತ್ತೆ ಅರ್ಧಿಸುತ್ತ, ಉಳಿಕೆ ಇಲ್ಲವಾಗುವವರೆಗೆ ಕತ್ತರಿಸುತ್ತಾನೆ. ತ್ರಿಭುಜದಂತೆ ಕೆಲವೇ ತುಂಡುಗಳಲ್ಲಿ ಮುಗಿಸಲಾಗದೆ? ಈ ಬಗೆಯ ಪ್ರಶ್ನೆಯನ್ನು 1900ರಲ್ಲಿ ಹಿಲ್ಬರ್ಟ್ ಜಗತ್ತಿನ ಗಣಿತಜ್ಞರ ಮುಂದಿಟ್ಟ. ಎಲ್ಲ ಪಿರಮಿಡ್ಡುಗಳಿಗೂ ಅದು ಸಾಧ್ಯವಿಲ್ಲವೆಂದು ಅವನ ಶಿಷ್ಯ ಡೆನ್ ಸ್ವಲ್ಪ ಕಾಲದಲ್ಲೇ ತೋರಿಸಿದ. ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ಅಷ್ಟು ದೊಡ್ಡದಾಗಿತ್ತು.

ಆ ಹುಡುಗನಿಗೆ ಈಗ ತಲೆ ನರೆತಿರಬೇಕು. ಇದನ್ನು ಓದುತ್ತಿದ್ದರೆ ಒಮ್ಮೆ ಮನೆಗೆ ಬರಲಿ. ಗಡ್ಡೆ ತರಿಸಿಟ್ಟಿರುತ್ತೇನೆ, ಈ ಸಲ ಕೈಗೆ ಎಣ್ಣೆ ಹಚ್ಚಿಕೊಂಡೇ ಕೊಯ್ಯುತ್ತೇನೆ.