ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು: ವಿಶ್ವಕೋಶಕ್ಕೆ ಬರೆಯುವ ಬಗೆ

ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜನ್ನು 1963ರಲ್ಲಿ ಸುತ್ತೂರು ಮಠದ ಜಗದ್ಗುರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಸ್ಥಾಪಿಸಿದರು. ಇದು ಜೆಎಸ್‌ಎಸ್ ಮಹಾವಿದ್ಯಾಪೀಠದ ಆಶ್ರಯದ ಸಂಸ್ಥೆ.

ಈ ಕಾಲೇಜಿನ ಕುರಿತು ವಿಶ್ವಕೋಶಕ್ಕೆ ಬರೆಯುವವರು ಮೂರು ಅಂಶಗಳನ್ನು ಬೇರ್ಪಡಿಸಿ ನೋಡಬೇಕು.

ಹೆಸರು: ಸ್ಥಾಪಕರು ಮಹಾಸ್ವಾಮಿಗಳವರು, ಹೆಸರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರದು. ಹೆಸರನ್ನು ಕಂಡು ಇದನ್ನು ಅರಮನೆಯ ಸಂಸ್ಥೆಯೆಂದು ಬರೆಯಬಾರದು.

ಸ್ಥಾನ: ನಗರದ ಮೊದಲ ಇಂಜಿನಿಯರಿಂಗ್ ಕಾಲೇಜು ಇದೇ ಎಂದರೆ ಅದು ಸತ್ಯವಲ್ಲ. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್ 1946ರಲ್ಲೇ ಆರಂಭವಾಗಿತ್ತು.

ಮನ್ನಣೆ: ಮೊದಲು ಮೈಸೂರು ವಿಶ್ವವಿದ್ಯಾನಿಲಯಕ್ಕೂ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದಕ್ಕೂ ಸಂಯೋಜಿತವಾಗಿದ್ದ ಕಾಲೇಜು, 2016ರಲ್ಲಿ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಅಂಗವಾಯಿತು. ಆದ್ದರಿಂದ ಪದವಿ ಪಡೆದ ವರ್ಷವನ್ನು ನೋಡಿಯೇ ವಿಶ್ವವಿದ್ಯಾಲಯದ ಹೆಸರನ್ನು ನಮೂದಿಸಬೇಕು.

ಆಶೀರ್ವಚನದ ವರದಿಗೆ ಭಕ್ತಿಯ ವಿಶೇಷಣಗಳು ಶೋಭೆ. ವಿಶ್ವಕೋಶದಲ್ಲಿ ಹೆಸರು, ಪೀಠ, ವರ್ಷ ಇಷ್ಟೇ ಸಾಕು. ‘ಅತ್ಯುತ್ತಮ’, ‘ಸುಪ್ರಸಿದ್ಧ’ ಎಂಬ ಮಾತುಗಳ ಬದಲು ದಾಖಲೆಯಿರುವ ಸಂಗತಿಯನ್ನೇ ಇಡಬೇಕು. ಮಠವನ್ನು ಅರಿಯದ ಓದುಗನೂ ಹಾಗೆ ಬರೆದುದನ್ನು ನಂಬುತ್ತಾನೆ. ಅನ್ನ, ಅಕ್ಷರ ದಾಸೋಹದ ಪರಂಪರೆಯ ಹಿರಿಮೆ ಆ ಸಂಗತಿಗಳಿಂದಲೇ ಅವನಿಗೆ ತಿಳಿಯುತ್ತದೆ.