ಕಾರಿಗೆ ಜಾಗ ಹುಡುಕಿದ ಸಂಪಾದಕ

ಪೇಟೆಗೆ ಹೋದವರು ಕಾರು ನಿಲ್ಲಿಸಲು ಜಾಗ ಹುಡುಕುತ್ತ ಸುತ್ತುವುದು ಇತ್ತೀಚಿನ ಪಾಡೇನಲ್ಲ. 1927ರಲ್ಲೇ ಅಮೆರಿಕದ ಡೆಟ್ರಾಯಿಟ್ ನಗರದ ಎರಡು ಕಡೆ ಎಣಿಸಿ ನೋಡಿದಾಗ, ರಸ್ತೆಯಲ್ಲಿದ್ದ ವಾಹನಗಳ ಪೈಕಿ ಒಂದು ಕಡೆ ನೂರಕ್ಕೆ 19, ಇನ್ನೊಂದು ಕಡೆ 34 ಬರೇ ಜಾಗ ಹುಡುಕುತ್ತಿದ್ದವು.

ಒಕ್ಲಹಾಮಾ ನಗರದಲ್ಲಿ ಈ ತಾಪತ್ರಯ ವ್ಯಾಪಾರಕ್ಕೇ ಕುತ್ತಾಯಿತು. ಗಿರಾಕಿಗೆ ಜಾಗ ಸಿಗುತ್ತಿರಲಿಲ್ಲ. ಅದನ್ನೆಲ್ಲ ಹಿಡಿದವರು ಯಾರು? ಬಹುಪಾಲು ಅದೇ ಪೇಟೆಯ ಅಂಗಡಿ, ಕಚೇರಿಗಳ ನೌಕರರೇ! ಬೆಳಿಗ್ಗೆ ನಿಂತ ಕಾರು ಸಂಜೆಯವರೆಗೆ ಕದಲುತ್ತಿರಲಿಲ್ಲ. ಪರಿಹಾರ ಹುಡುಕುವ ಹೊಣೆ ವಾಣಿಜ್ಯ ಮಂಡಳಿಯ ಸಂಚಾರ ಸಮಿತಿಯ ಮೂಲಕ ಕಾರ್ಲ್ ಮಗೀ ಅವರ ಹೆಗಲೇರಿತು. ಅವರು ಪತ್ರಿಕಾ ಸಂಪಾದಕರು. ಟೀಪಾಟ್ ಡೋಮ್ ತೈಲ ಹಗರಣವನ್ನು ಬಯಲಿಗೆಳೆಯುವಲ್ಲಿ ಕೈಜೋಡಿಸಿದವರು. ಅಂಥವರ ಹೆಸರು ಉಳಿದದ್ದು ಮಾತ್ರ ರಸ್ತೆಬದಿಯ ಒಂದು ಕಂಬದಿಂದ!

ನಾಣ್ಯ ಹಾಕಿದರೆ ಓಡುವ ಗಡಿಯಾರವನ್ನು ಕಂಬಕ್ಕೆ ಕೂರಿಸುವುದು ಮಗೀ ಯೋಚನೆ. ಅದನ್ನು ಯಂತ್ರವಾಗಿ ರೂಪಿಸಿಕೊಟ್ಟವರು ಅಲ್ಲಿನ ಕೃಷಿ ಮತ್ತು ತಾಂತ್ರಿಕ ಕಾಲೇಜಿನ ಹೋಲ್ಗರ್ ತೂಸೆನ್ ಮತ್ತು ಜೆರಾಲ್ಡ್ ಹೇಲ್. 1935ರ ಜುಲೈ 16ರಂದು ಮೊದಲ ಪಾರ್ಕಿಂಗ್ ಮೀಟರ್ ಕೆಲಸ ಆರಂಭಿಸಿತು. ಗಂಟೆಗೆ ಐದು ಸೆಂಟ್. ಕಾರಿಗೆ ತೆರಿಗೆ ಕಟ್ಟಿದ ಮೇಲೆ ನಿಲ್ಲಿಸಲೂ ದುಡ್ಡೇ ಎಂದು ಕೆಲವರು ರೇಗಿದರು. ವ್ಯಾಪಾರಿಗಳಿಗೆ ಮಾತ್ರ ಅದು ಹಿಡಿಸಿತು. 1940ರ ದಶಕದ ಆರಂಭಕ್ಕೆ ಅಮೆರಿಕದಲ್ಲಿ ಇಂಥ ಮೀಟರುಗಳು 1,40,000 ದಾಟಿದ್ದವು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮೀಟರ್ ಹುಟ್ಟಿದ್ದು ಆದಾಯಕ್ಕಿಂತ ಮುಖ್ಯವಾಗಿ ಜಾಗ ತೆರವಾಗಲೆಂದು. ನಗರಾಡಳಿತಗಳು ಕ್ರಮೇಣ ಇದನ್ನು ಮರೆತವು. ದರ ನಿಂತಲ್ಲೇ ನಿಂತಿತು, ಕಾರುಗಳು ಹೆಚ್ಚಿದವು, ಹುಡುಕಾಟ ಮರಳಿ ಬಂತು. ಬೇಡಿಕೆಗೆ ತಕ್ಕಂತೆ ದರ ಬದಲಾಗಲಿ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1954ರಲ್ಲೇ ಹೇಳಿದ್ದರು. ಕೇಳಿದವರಿಲ್ಲ.

ಈ ಹುಡುಕಾಟದ ಲೆಕ್ಕ ಹಾಕಿದವರು ಲಾಸ್ ಏಂಜಲೀಸ್‌ನ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ (2025ರಲ್ಲಿ ನಿಧನರಾದರು). ವಿಶ್ವವಿದ್ಯಾಲಯದ ಪಕ್ಕದ ವೆಸ್ಟ್‌ವುಡ್ ಪೇಟೆಯಲ್ಲಿ 1980ರ ದಶಕದಲ್ಲಿ ಅವರೂ ಶಿಷ್ಯರೂ ಸೈಕಲ್ ಏರಿಯೂ ಜಾಗ ಹುಡುಕಿ ಸಮಯ ಅಳೆದರು. ಸರಾಸರಿ ಬಂದದ್ದು 3.3 ನಿಮಿಷ, ಸುಮಾರು 800 ಮೀಟರ್ ದೂರ. ಇದೇನು ಮಹಾ ಎನ್ನಿಸಬಹುದು. ಆದರೆ ಒಬ್ಬೊಬ್ಬರ ಈ ಸುತ್ತಾಟ ಸೇರಿ, ಆ ಪುಟ್ಟ ಪೇಟೆಯೊಂದರಲ್ಲೇ ವರ್ಷಕ್ಕೆ ಸುಮಾರು 15 ಲಕ್ಷ ಕಿ.ಮೀ. ಆಗುತ್ತಿತ್ತು! ಕಾರಣವನ್ನೂ ಶೂಪ್ ತೋರಿಸಿದರು: ಬೀದಿಬದಿಯ ಜಾಗ ಪಕ್ಕದ ನಿಲ್ದಾಣಗಳಿಗಿಂತ ಅಗ್ಗ, ಆದ್ದರಿಂದ ಸುತ್ತಿದಷ್ಟೂ ಲಾಭವೆಂಬ ಆಸೆ.

ಕೊನೆಗೂ 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ದರವನ್ನು ಬೀದಿಗೊಂದು, ಹೊತ್ತಿಗೊಂದು ಮಾಡಿ ನೋಡಿತು. ಕಾರುಗಳು ಕಿಕ್ಕಿರಿದ ಕಡೆ ದರ ಏರಿತು. ಖಾಲಿ ಬಿದ್ದ ಬೀದಿಗಳಲ್ಲಿ ಇಳಿಯಿತು.